ಕಿಕ್ ಮೊದಲು, ಭಾರ ಆಮೇಲೆ

ಕರಾಟೆಯ ಜೊತೆಗೆ ಜಿಮ್ಮಿಗೂ ಹೋಗುವ ಹುಡುಗರು ಕಲಬುರಗಿಯಲ್ಲಿ ಈಗ ಓಣಿಗೊಬ್ಬರು ಸಿಗುತ್ತಾರೆ. ಮೂರು ವಾರ ಕಳೆಯುವಷ್ಟರಲ್ಲಿ ಅವರದು ಒಂದೇ ದೂರು: ‘ಕಾಲೇ ಮ್ಯಾಲ ಏಳವಲ್ದ್ರಿ ಸರ್!’

ಮೊದಲು ಹಾಳೆಯೊಂದರಲ್ಲಿ ವಾರದ ಏಳು ದಿನ ಬರೆದು, ಸ್ಪಾರಿಂಗ್ (ಜೊತೆಗಾರನೊಡನೆ ಕಾದಾಟದ ಅಭ್ಯಾಸ) ಇರುವ ದಿನಗಳಿಗೆ ಗುರುತು ಹಾಕಿ. ಅದರ ಹಿಂದಿನ ಎರಡು ದಿನ ಕಾಲಿಗೆ ಭಾರ ಬೇಡ. ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು) ಹೊಡೆದ ತೊಡೆನೋವು ಅಂದೇ ಕಾಣಿಸಿಕೊಳ್ಳದು. 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ. ಜಿಮ್ಮಿಗೆ ವಾರದಲ್ಲಿ ಎರಡು ದಿನ ಸಾಕು.

ಎರಡೂ ಒಂದೇ ದಿನ ಬಿದ್ದರೆ ಕರಾಟೆಯೇ ಮೊದಲು. ದಣಿದ ಕಾಲು ತಪ್ಪು ಕಿಕ್ಕನ್ನೇ ರೂಢಿ ಮಾಡಿಕೊಳ್ಳುತ್ತದೆ. ನಡುವೆ ಆರು ಗಂಟೆ ಬಿಡುವಿದ್ದರೆ ಒಳ್ಳೆಯದು. ಇದಕ್ಕೆ ನಮ್ಮೂರ ಬಿಸಿಲೇ ಅನುಕೂಲ ಮಾಡಿಕೊಟ್ಟಿದೆ: 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಮೈದಾನ ಬಿಡಲೇಬೇಕು, ಭಾರಕ್ಕೆ ಸಂಜೆ ಉಳಿಯುತ್ತದೆ.

ಏನು ಎತ್ತಬೇಕು? ಸ್ಕ್ವಾಟ್, ನೆಲದಿಂದ ರಾಡ್ ಎತ್ತುವ ಡೆಡ್‌ಲಿಫ್ಟ್, ಬಾಗಿ ನಿಂತು ರಾಡನ್ನು ಹೊಟ್ಟೆಯತ್ತ ಎಳೆಯುವ ರೋಯಿಂಗ್, ತಲೆಯ ಮೇಲೆ ಎತ್ತುವ ಪ್ರೆಸ್. ಕನ್ನಡಿ ಮುಂದಿನ ಬೈಸೆಪ್ಸ್ ಆಮೇಲೆ ನೋಡೋಣ. ಮೊದಲೆರಡು ವಾರ 20 ಕಿಲೋದ ಖಾಲಿ ರಾಡ್ ಸಾಕು. ಮೂರು ಸೆಟ್, ಸೆಟ್ಟಿಗೆ ಐದು ಸಲ. ಇನ್ನೆರಡು ಎತ್ತಬಹುದು ಅನ್ನಿಸುವಾಗಲೇ ಕೆಳಗಿಡಿ. ಹದಿನೈದೂ ಸಲೀಸಾಗಿ ಬಂದರೆ ಮುಂದಿನ ಸಲ 2.5 ಕಿಲೋ ಸೇರಿಸಿ. ಮೈ ಉರಿಯುವವರೆಗೆ ಹದಿನೈದು-ಇಪ್ಪತ್ತು ಎಣಿಸುತ್ತ ಮಾಂಸ ಬೆಳೆಸಿದರೆ ಇನ್ನೊಂದು ಪೇಚಿದೆ. ವಿಶ್ವ ಕರಾಟೆಯಲ್ಲಿ ಪುರುಷರ ಕುಮಿತೆಯ (ಎದುರಾಳಿಯೊಡನೆ ಕಾದಾಟ) ತೂಕದ ಗಡಿಗಳು 60, 67, 75, 84 ಕಿಲೋ. 66 ಕಿಲೋದ ಹುಡುಗ ಎರಡು ಕಿಲೋ ಉಬ್ಬಿದನೆಂದರೆ 75 ಕಿಲೋದವರ ಎದುರು ನಿಲ್ಲಬೇಕು.

ತಾಲೀಮಿನ ದಂಡ, ಬೈಠಕ್ ಬಿಡಬೇಕಿಲ್ಲ. ದಮ್ಮಿಗೆ ಅದಕ್ಕಿಂತ ಅಗ್ಗದ ದಾರಿಯಿಲ್ಲ, ಮೈ ಬಿಸಿ ಮಾಡಿಕೊಳ್ಳಲೂ ಸರಿ. ಆದರೆ ಡಂಬೆಲ್ ಹಿಡಿದು ಪಂಚ್ ಹೊಡೆಯುವ, ಕಾಲಿಗೆ ಮರಳುಪಟ್ಟಿ ಕಟ್ಟಿ ಕಿಕ್ ಬೀಸುವ ಚಟ ಬಿಡಿ. ಡಂಬೆಲ್ ಎಳೆಯುವುದು ನೆಲದ ಕಡೆಗೆ, ನೀವು ಹೊಡೆಯುವುದು ಮುಂದಕ್ಕೆ. ಪೆಟ್ಟಿನ ಬಲ ಇದರಿಂದ ಬರುವುದಿಲ್ಲ, ಮೊಣಕೈ-ಮೊಣಕಾಲಿನ ಕೀಲಿಗೆ ಮಾತ್ರ ಹೊರೆ ಬೀಳುತ್ತದೆ.

ಪ್ರೋಟೀನ್ ಡಬ್ಬಿಗೆ ದುಡ್ಡು ಸುರಿಯುವ ಮುಂಚೆ ಅಡುಗೆಮನೆ ನೋಡಿ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಟ್ಟೆ ಜೊತೆಗಿರಲಿ.

ಟೂರ್ನಮೆಂಟ್ ವಾರ ರಾಡಿನ ತೂಕ ಇಳಿಸಬೇಡಿ, ಸೆಟ್ಟು ಅರ್ಧ ಮಾಡಿ. ಕೊನೆಯ ಸ್ಕ್ವಾಟಿಗೂ ಪಂದ್ಯಕ್ಕೂ ನಡುವೆ ನಾಲ್ಕು ದಿನ ಇರಲಿ.