ಬೈಟು ಕಾಫಿ ಬಿಟ್ಟ ಮೇಲೆ

ನಾಲ್ಕು ವರ್ಷದ ಪ್ರೀತಿ ಮುರಿದ ಮೂರನೇ ದಿನ. ಮೈಸೂರಿನ ಒಂದು ದರ್ಶಿನಿಯಲ್ಲಿ ನಿಂತು ‘ಒಂದು ಬೈಟು’ ಅಂದುಬಿಟ್ಟೆ. ಬಾಯಿಗೆ ಅದೇ ರೂಢಿ. ಎರಡು ಲೋಟ ಬಂತು. ಒಂದನ್ನು ಕುಡಿದೆ. ಇನ್ನೊಂದರ ಮೇಲೆ ಕೆನೆ ಕಟ್ಟುವವರೆಗೂ ಸುಮ್ನೆ ನೋಡುತ್ತಾ ನಿಂತೆ. ಅವನು ‘ಇನ್ನು ಸಾಕು’ ಅಂದ ದಿನ ಬರದ ಅಳು, ಆಗ ಬಂತು.

ಮೊದಲ ಎರಡು ತಿಂಗಳು ನಾನು ಮಾಡಿದ್ದೆಲ್ಲಾ ಎಡವಟ್ಟೇ. ರಾತ್ರಿ ಹತ್ತು ನಮ್ಮಿಬ್ಬರ ಮಾತಿನ ಹೊತ್ತು. ಮಾತು ನಿಂತರೂ ಕೈ ಫೋನಿಗೆ ಹೋಗುತ್ತಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಅವನ ಲಾಸ್ಟ್ ಸೀನ್ ನೋಡುವುದು. 11.40ಕ್ಕೆ ಆನ್‌ಲೈನ್ ಇದ್ದನಲ್ಲ, ಯಾರ ಜೊತೆ? ಆಮೇಲೆ ಎಲ್ಲಿಯ ನಿದ್ದೆ! ಬ್ಲಾಕ್ ಮಾಡುವುದು ಸಣ್ಣತನ ಅನ್ನಿಸಿ ಆರ್ಕೈವ್ ಮಾಡಿದೆ. ಅದೊಂದು ನಾಟಕ. ಚಕ್ಕುಲಿ ಡಬ್ಬವನ್ನು ಮೇಲಿನ ಶೆಲ್ಫಿಗೆ ಇಟ್ಟ ಹಾಗೆ, ಸ್ಟೂಲ್ ಹಾಕಿಕೊಂಡು ತೆಗೆಯುತ್ತೇವೆ, ಅಲ್ವಾ?

‘ನೀನು ಅವನನ್ನು ಮರೆಯೋಕೆ ಹೋಗಬೇಡ, ಹತ್ತು ಗಂಟೆಗೆ ಏನಾದರೂ ದಾರಿ ಮಾಡು’ ಅಂದಳು ಅಕ್ಕ. ಬ್ಲಾಕ್ ಮಾಡಿದೆ. ಫೋನನ್ನು ಅಡುಗೆಮನೆಯಲ್ಲಿ, ಬೇಳೆ ಡಬ್ಬದ ಪಕ್ಕ ಚಾರ್ಜಿಗೆ ಹಾಕಿ ಮಲಗತೊಡಗಿದೆ. ಅಲಾರಂ ನೆಪ ಹೇಳಬಾರದು ಅಂತ ಗಡಿಯಾರವನ್ನೂ ಕೊಂಡೆ. ಮೊದಲ ವಾರ ನೀರು ಕುಡಿಯುವ ನೆಪದಲ್ಲಿ ಎಷ್ಟು ಸಲ ಎದ್ದೆನೋ!

ಒಂದು ರಾತ್ರಿ ಬದುಕೇ ಬೇಡ ಅನ್ನಿಸಿತು. ಇದನ್ನು ಮುಚ್ಚಿಡುವುದಿಲ್ಲ. ಟೆಲಿ ಮಾನಸ್ ನಂಬರ್ 14416ಕ್ಕೆ ಕರೆ ಮಾಡಿದೆ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದುಡ್ಡಿಲ್ಲ, ಹೆಸರು ಹೇಳಲೇಬೇಕು ಅಂತಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯವರು ಉಪದೇಶ ಮಾಡಲಿಲ್ಲ. ‘ಊಟ ಮಾಡಿದ್ರಾ? ಮನೇಲಿ ಯಾರಿದ್ದಾರೆ?’ ಅಂತ ಕೇಳಿದರು. ಊಟ ಆಗಿರಲಿಲ್ಲ. ಎದ್ದು ಮೊಸರನ್ನ ಕಲಸಿಕೊಂಡೆ. ಬೆಳಿಗ್ಗೆ ಅಕ್ಕನಿಗೆ ಎಲ್ಲವನ್ನೂ ಹೇಳಿದೆ.

ಉಡುಗೊರೆ ಸುಡುವುದು, ಕೂದಲು ಕತ್ತರಿಸಿಕೊಳ್ಳುವುದು ಇಂಥ ಸಿನಿಮಾ ಕೆಲಸ ಮಾಡಲಿಲ್ಲ. ಅವನು ಕೊಟ್ಟ ಕುಕ್ಕರ್ ಚೆನ್ನಾಗಿದೆ, ಇವತ್ತಿಗೂ ಅದರಲ್ಲೇ ಅನ್ನ.

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವ ಅಭ್ಯಾಸ ಮಾಡಿಕೊಂಡೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಮೊದಲ ಸಲ ದೊಡ್ಡ ನಂದಿಯವರೆಗೂ ಹೋಗಲಾಗದೆ ವಾಪಸ್ ಬಂದೆ. ಏದುಸಿರು ಬಿಡುವಾಗ ಹಳೆಯ ಮೆಸೇಜು ನೆನಪಾಗುವುದಿಲ್ಲ, ಅದಕ್ಕೇ ಬಿಡಲಿಲ್ಲ.

ಐದನೇ ವಾರವೋ ಆರನೆಯದೋ, ಒಬ್ಬರು ಅಜ್ಜಿ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ‘ಯಾವ ಹರಕೆನವ್ವ ನಿಂದು?’ ಅಂದರು.

‘ಏನಿಲ್ಲ ಅಜ್ಜಿ, ಸುಮ್ನೆ ಬಂದೆ.’

‘ಹಂಗಾದ್ರೆ ಈ ಬಟ್ಲು ಇಡ್ಕೊ. ನನ್ಗೆ ಸೊಂಟ ನೋಯ್ತದೆ.’

ನಂದಿಯವರೆಗೂ ನಾನೇ ಹಚ್ಚಿದೆ. ಬೆರಳೆಲ್ಲಾ ಕೆಂಪು. ಅವತ್ತು ರಾತ್ರಿ ತೊಡೆ ನೋವಿಗೆ ಒಂಬತ್ತಕ್ಕೇ ನಿದ್ದೆ ಬಂದಿತ್ತು.