ನೈರೋಬಿಯ ಬಕೆಟ್ ಕಂಪಾಲಾ ಮುಟ್ಟಿದ್ದು ಹೀಗೆ

"ಚೀನಾ ಬಕೆಟ್ ಎದುರು ನಿಂದು ನಿಲ್ಲೋದಿಲ್ಲ. ಅದೂ ಗಡಿ ದಾಟಿಸಿ ಮಾರ್ತೀಯಾ?" ಎಂದು ಹಾಸನದಿಂದ ಅಣ್ಣ ಫೋನಿನಲ್ಲೇ ಬೈದಿದ್ದ. ಈಗ ಕೀನ್ಯಾದ ನೈರೋಬಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ನನ್ನ ಶೆಡ್ಡಿನಿಂದ ತಿಂಗಳಿಗೆ ಐದಾರು ಲಾರಿ ಉಗಾಂಡಾಕ್ಕೆ ಹೋಗುತ್ತಿವೆ. ಆರು ಜನ ಇದ್ದ ಕಡೆ ನಲವತ್ತು ಜನ ಕೆಲಸ ಮಾಡುತ್ತಾರೆ.

ನಾನು ನಂಬಿದ್ದು ಒಂದೇ ಲೆಕ್ಕವನ್ನು. ಕೀನ್ಯಾ, ಉಗಾಂಡಾ, ತಾಂಜಾನಿಯಾ ಸೇರಿದ ಪೂರ್ವ ಆಫ್ರಿಕಾ ಸಮುದಾಯದವರು 2005ರಲ್ಲಿ ಹೊರಗಿನ ಮಾಲಿಗೆ ಒಂದೇ ಸುಂಕ ಗೊತ್ತುಮಾಡಿದರು. ಆಗ ಕಚ್ಚಾ ಮಾಲಿಗೆ ಸೊನ್ನೆ, ಸಿದ್ಧ ಮಾಲಿಗೆ ಶೇ. 25. ಕೀನ್ಯಾದಿಂದ ಸಮುದಾಯದ ಬೇರೆ ದೇಶಗಳಿಗೆ ಹೋಗುವ ಕೆಲವು ಮಾಲಿನ ಮೇಲೆ ಉಳಿದಿದ್ದ ಸುಂಕವೂ 2010ಕ್ಕೆ ಪೂರ್ತಿ ಹೋಯಿತು. ಅಂದರೆ ಚೀನಾ ಬಕೆಟ್ಟಿಗೆ ಸುಂಕ, ನನ್ನದಕ್ಕಿಲ್ಲ. ಆದರೆ ಮಾಲು ಇಲ್ಲಿಯದೇ ಎಂಬ ಸರ್ಟಿಫಿಕೇಟ್ ಬೇಕು.

ನಾನು ಮುಗ್ಗರಿಸಿದ್ದು ಅಲ್ಲೇ. 2012ರ ಮೊದಲ ಲೋಡ್ ಮಲಾಬಾ ಗಡಿಯಲ್ಲಿ ಒಂಬತ್ತು ದಿನ ನಿಂತಿತು. ಸರ್ಟಿಫಿಕೇಟಿನಲ್ಲಿ 'ಬಕೆಟ್' ಅಂತ ಇತ್ತು, ಬಿಲ್ಲಿನಲ್ಲಿ 'ಮನೆಬಳಕೆ ಸಾಮಾನು'. ಏಜೆಂಟ್ ದಿನಾ "ಆಗುತ್ತೆ ಬಿಡಿ" ಎನ್ನುತ್ತಿದ್ದ. ಲಾರಿ ನಿಂತದ್ದಕ್ಕೆ ದಿನಕ್ಕೆ 150 ಡಾಲರ್ ಹತ್ತಿರ. ಕೊನೆಗೆ ಶೇ. 25 ಕಟ್ಟಿ ಬಿಡಿಸಿಕೊಂಡೆ. ಒಟ್ಟು ಮೂರೂವರೆ ಸಾವಿರ ಡಾಲರ್ ಹೋಗಿರಬೇಕು.

ಬಕೆಟ್ಟಿಗೆ ಕರಗಿಸುವ ಪ್ಲಾಸ್ಟಿಕ್ ಕಾಳು, ಅಂದರೆ ಗ್ರಾನ್ಯೂಲ್, ಪೂರ್ತಿ ಹೊರಗಿನದು. ಸರ್ಟಿಫಿಕೇಟಿಗಾಗಿ ಸ್ಥಳೀಯ ಪಾಲು ಹೆಚ್ಚಿಸೋಣ, ಖರ್ಚೂ ಇಳಿಯಲಿ ಅಂತ ಇಲ್ಲೇ ಸಿಗುವ ಕ್ಯಾಲ್ಸಿಯಂ ಪುಡಿ ಬೆರೆಸಿ ನೋಡಿದೆ. ಜಾಸ್ತಿ ಆಯಿತು. ನೀರು ತುಂಬಿ ಎತ್ತಿದರೆ ತಳ ಕೂದಲೆಳೆಯಷ್ಟು ಬಿರಿಯುತ್ತಿತ್ತು. ಎಂಟುನೂರು ಬಕೆಟ್ ಪುಡಿ ಮಾಡಿಸಿದೆ. ಈಗಿನ ಅಳತೆ ನನ್ನ ಹತ್ತಿರವೇ ಇರಲಿ.

ನಿಜವಾಗಿ ಕೈ ಹಿಡಿದದ್ದು ಹಿಡಿಕೆಯ ತಂತಿ. ಅದನ್ನು ಉಗಾಂಡಾದಿಂದಲೇ ತರಿಸುತ್ತೇನೆ. ಸದಸ್ಯ ದೇಶದ ಸಾಮಾನನ್ನು ನಮ್ಮದೇ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ, ಬರುವ ಲಾರಿಯೂ ಖಾಲಿ ಬರುವುದಿಲ್ಲ. ಇನ್ನೊಂದು ಮಾತು. ಲಾಭವೆಲ್ಲ ಕೀನ್ಯಾಕ್ಕೇ ಎಂಬ ಸಿಟ್ಟೂ ಸೇರಿಯೇ ಇದೇ ಹೆಸರಿನ ಹಳೇ ಸಮುದಾಯ 1977ರಲ್ಲಿ ಒಡೆದುಹೋಗಿತ್ತು. ಕಂಪಾಲಾದ ಗಿರಾಕಿಗೆ ನಾನು ಮೊದಲು ತೋರಿಸುವುದು ಆ ತಂತಿಯ ಬಿಲ್ಲನ್ನೇ.

2014ರಿಂದ ಕಾಗದ ಪತ್ರವೆಲ್ಲ ಲಾರಿ ಹೊರಡುವ ಮೊದಲೇ ಮುಗಿಯುತ್ತದೆ. ಮೊದಲು ವಾರ ಹಿಡಿಯುತ್ತಿದ್ದ ಲೋಡ್ ಈಗ ಮೂರನೇ ದಿನ ಕಂಪಾಲಾದಲ್ಲಿ ಇಳಿಯುತ್ತದೆ. ನನಗೆ ಸುಂಕಕ್ಕಿಂತ ಇದರಿಂದಲೇ ಜಾಸ್ತಿ ಉಳಿಯಿತು. ಹಣ ತಿರುಗುವುದು ಮುಖ್ಯ ಅಲ್ವಾ?

ರುವಾಂಡಾದಲ್ಲಿ ಮಾತ್ರ ಏಟು ತಿಂದೆ. 2019ರ ಫೆಬ್ರವರಿಯಲ್ಲಿ ಉಗಾಂಡಾ-ರುವಾಂಡಾ ನಡುವಿನ ಗಟುನಾ ಗಡಿ ಮುಚ್ಚಿತು. ಸುತ್ತು ದಾರಿಯ ಬಾಡಿಗೆಗೆ ಕಿಗಾಲಿ ಗಿರಾಕಿ ಕೈಬಿಟ್ಟ. 2022ರಲ್ಲಿ ಗಡಿ ತೆರೆಯುವಷ್ಟರಲ್ಲಿ ಅವನು ಬೇರೆಯವರನ್ನು ಹಿಡಿದಾಗಿತ್ತು.

ಈಗ ಉಗಾಂಡಾ ಗಡಿಯಲ್ಲಿರುವ ಬುಸಿಯಾದಲ್ಲಿ ಒಂದು ಸಣ್ಣ ಗೋದಾಮು ಹಾಕಿದ್ದೇನೆ. 2,000 ಡಾಲರ್ ಒಳಗಿನ ಮಾಲಿಗೆ ಗಡಿಯಲ್ಲೇ ಸರಳ ಸರ್ಟಿಫಿಕೇಟ್ ಕೊಡುತ್ತಾರೆ. ಉಗಾಂಡಾದ ಹೆಂಗಸರು ಬೆಳಗ್ಗೆ ಬೀನ್ಸ್ ಮೂಟೆ ತಂದು ಮಾರಿ, ಸಂಜೆ ಒಂದರೊಳಗೊಂದು ಇಟ್ಟ ಇಪ್ಪತ್ತು ಬಕೆಟ್ ತಲೆ ಮೇಲೆ ಹೊತ್ತು ಹೋಗುತ್ತಾರೆ. ಕೆಂಪು ಬಣ್ಣದವು ಮೊದಲು ಖಾಲಿ. ಮುಚ್ಚಳ ಇರುವುದು ಬೇಕಂತೆ, ಅದರ ಅಚ್ಚಿಗೆ ಹೇಳಿದ್ದೇನೆ.