ಬುದ್ಧಿ ಹಲ್ಲು ತೆಗೆಸಿದವರು ಎಳನೀರಿಗೆ ಸ್ಟ್ರಾ ಹಾಕಬೇಡಿ

ಹೋದ ತಿಂಗಳು ಬಳ್ಳಾರಿಯಲ್ಲಿ ಕೆಳದವಡೆಯ ಬುದ್ಧಿ ಹಲ್ಲು ತೆಗೆಸಿದೆ. ಅಡ್ಡ ಬೆಳೆದು ಪಕ್ಕದ ಹಲ್ಲನ್ನು ಒತ್ತುತ್ತಿತ್ತು, ಹೊಲಿಗೆಯೂ ಬಿತ್ತು.

ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದಲ್ಲ, ಅದೇ ಗಾಯದ ಮುಚ್ಚಳ. ಅದನ್ನು ಕಾಪಾಡಿಕೊಳ್ಳಿ. ಡಾಕ್ಟರು ಇಟ್ಟ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ, ಸುಮ್ನೆ ತೆಗೆದು ನೋಡುತ್ತಿರಬೇಡಿ. ಮೊದಲ ದಿನ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ವಾಪಸ್ ಬರುವಾಗ ಬಿಸಿಲು ತಾಳಲಾರದೆ ಎಳನೀರು ತಗೊಂಡು ಇನ್ನೇನು ಸ್ಟ್ರಾ ಬಾಯಿಗಿಡಬೇಕು, ಅಷ್ಟರಲ್ಲಿ ಅಕ್ಕ ಕಿತ್ತುಕೊಂಡು ಲೋಟಕ್ಕೆ ಸುರಿಸಿದಳು. ಹೀರಿದರೆ ಹೆಪ್ಪು ಕಳಚಿ ಒಳಗಿನ ಎಲುಬು ತೆರೆದುಕೊಳ್ಳಬಹುದು, ಆಮೇಲೆ ಮೂರ್ನಾಲ್ಕನೇ ದಿನ ಕಿವಿಯವರೆಗೂ ನೋವು ಸಿಡಿಯುತ್ತದೆ. ಇದನ್ನೇ ಡ್ರೈ ಸಾಕೆಟ್ ಅಂತಾರೆ. ಬೀಡಿ ಸಿಗರೇಟು ಸೇದುವವರಿಗೆ ಈ ಅಪಾಯ ಜಾಸ್ತಿ. ಗುಟ್ಕಾ ಕೂಡ ಬೇಡವೇ ಬೇಡ.

ಮೊದಲ ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಗೆ 15-20 ನಿಮಿಷ ಇಟ್ಟು ತೆಗೆಯುತ್ತಿರಿ. ಊತ ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತದೆ, ಹೆದರಬೇಡಿ. ಮರುದಿನದಿಂದ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಿ.

ಊಟಕ್ಕೆ ಆರಿದ ರಾಗಿ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ. ಕಟಕ್ ರೊಟ್ಟಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಒಂದು ವಾರ ದೂರ ಇರಲಿ, ಮಂಡಕ್ಕಿ ಚೂರು ಗುಳಿಯಲ್ಲಿ ಸಿಕ್ಕಿಕೊಂಡರೆ ಕಷ್ಟ.

ರಕ್ತ ತೆಳುವಾಗುವ ಮಾತ್ರೆ, ಶುಗರ್ ಇದ್ದವರು ಡಾಕ್ಟರಿಗೆ ಮೊದಲೇ ಹೇಳಿ, ಮಾತ್ರೆ ನೀವೇ ನಿಲ್ಲಿಸಬೇಡಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ಅಥವಾ ನೋವು ದಿನ ಕಳೆದಂತೆ ಹೆಚ್ಚಾದರೆ ಕಾಯದೆ ಅವರ ಹತ್ತಿರವೇ ಹೋಗಿ.